ಪಿನ್‌ಕೋಡ್ ಒಡೆಯುವುದರಿಂದ ಶುರು: ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡುವ ಬಗೆ

ಮೊದಲು ಈ ಮೂರು ಸಂಖ್ಯೆ ಬರೆದುಕೊಳ್ಳಿ: 583101, 584101, 583231. ಬಳ್ಳಾರಿ, ರಾಯಚೂರು, ಕೊಪ್ಪಳದ ಪ್ರಧಾನ ಅಂಚೆ ಕಚೇರಿಗಳ ಪಿನ್‌ಕೋಡ್. ಮೂರೂ 1ರಲ್ಲಿ ಮುಗಿಯುತ್ತವೆ, ಆದ್ದರಿಂದ 2 ಮತ್ತು 5ರ ತಂಟೆ ಇಲ್ಲ. ಮೇಲ್ನೋಟಕ್ಕೆ ಮೂರೂ ಅವಿಭಾಜ್ಯ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ) ಎನ್ನಿಸುತ್ತವೆ. ನಿಜ ಏನೆಂದರೆ ಒಂದೂ ಅಲ್ಲ, ಮತ್ತು ಅದನ್ನು ತಿಳಿಯಲು ಕ್ಯಾಲ್ಕ್ಯುಲೇಟರ್ ಕೂಡ ಬೇಕಿಲ್ಲ.

ಹತ್ತನೇ ತರಗತಿಯ ‘ವಾಸ್ತವ ಸಂಖ್ಯೆಗಳು’ ಅಧ್ಯಾಯದಲ್ಲಿ ಯಾವುದೇ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು ಎಂದು ಓದಿರುತ್ತೇವೆ. ಪರೀಕ್ಷೆಗೆ ಬರುವುದು 140, 156, 3825ರಂಥವು. ಅಲ್ಲಿಂದ ಮುಂದೆ ಆರಂಕಿ, ಹತ್ತಂಕಿ, ಕೋಟಿಗಟ್ಟಲೆ ಅಂಕಿಯ ಸಂಖ್ಯೆ ಎದುರಾದರೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದು ನೋಟ್‌ಬುಕ್, ಪೆನ್ನು, ನಡುನಡುವೆ ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಈ ಲೇಖನದ ಬಹುಪಾಲು ನೀವೇ ಮಾಡಿ ನೋಡಬಹುದು. ಓದಿಕೊಂಡು ಹೋದರೆ ಪ್ರಯೋಜನ ಕಡಿಮೆ, ಬರೆದು ನೋಡಿ.

ಹಂತ 1: ಸಂಖ್ಯೆಯನ್ನು ನಡುವೆ ಸೀಳಿ

ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಯ ಎರಡು ತುಂಡು ಮಾಡಿ. ಒಮ್ಮೆ ಎರಡನ್ನೂ ಕೂಡಿಸಿ, ಒಮ್ಮೆ ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಮೊತ್ತವು 3, 9, 27 ಅಥವಾ 37ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ವ್ಯತ್ಯಾಸವು 7, 11 ಅಥವಾ 13ರಿಂದ ಭಾಗವಾದರೂ ಹಾಗೆಯೇ. ಕಾರಣ ಸರಳ. 999 ಎಂದರೆ 27 × 37, 1001 ಎಂದರೆ 7 × 11 × 13. ಸಾವಿರವನ್ನು 37ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ ಮೊದಲ ತುಂಡನ್ನು ಕೂಡಿಸುತ್ತೇವೆ. ಸಾವಿರಕ್ಕೆ ಒಂದು ಸೇರಿಸಿದರೆ 7ರಿಂದ ಸರಿಯಾಗಿ ಹೋಗುತ್ತದೆ, ಆದ್ದರಿಂದ ಅಲ್ಲಿ ಕಳೆಯುತ್ತೇವೆ.

ಬಳ್ಳಾರಿ: 583 + 101 = 684. ಅಂಕಿಗಳ ಮೊತ್ತ 18, ಅಂದರೆ 9ರಿಂದ ಹೋಗುತ್ತದೆ. ಅಲ್ಲಿಗೆ ಬಳ್ಳಾರಿಯ ಕತೆ ಮುಗಿಯಿತು. ರಾಯಚೂರು: 584 − 101 = 483, ಅದು 7 × 69. ಹಾಗಾಗಿ 584101 = 7 × 83443. ಕೊಪ್ಪಳ ಇನ್ನೂ ಚೆಂದ. 583 − 231 = 352, ಅದು 11 × 32. 583 + 231 = 814, ಅದು 37 × 22. ಎರಡು ಕಡೆಯಿಂದಲೂ ಸಿಕ್ಕಿಬಿತ್ತು: 583231 = 11 × 37 × 1433. ಕೊಪ್ಪಳದ ಗಾಡಿಗಳ ನಂಬರ್ ಪ್ಲೇಟಿನ ಮೇಲೆ ಕೆಎ 37 ಎಂದೇ ಇರುತ್ತದೆ. ಇದು ಬರೀ ಕಾಕತಾಳೀಯ, ಗಣಿತಕ್ಕೂ ಆರ್‌ಟಿಓ ಕಚೇರಿಗೂ ನಂಟಿಲ್ಲ. ಆದರೆ ಆ ಊರಿನ ಹುಡುಗರಿಗೆ 37ರ ನಿಯಮ ನೆನಪಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸಂಖ್ಯೆ ಇನ್ನೂ ಉದ್ದವಿದ್ದರೆ ಬಲಗಡೆಯಿಂದ ಮೂರು ಮೂರಂಕಿಯ ತುಂಡು ಮಾಡುತ್ತ ಹೋಗಿ. 37ಕ್ಕೆ ಎಲ್ಲವನ್ನೂ ಕೂಡಿಸಿ, 7, 11, 13ಕ್ಕೆ ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆಯಿರಿ.

ಹಂತ 2: ವರ್ಗಮೂಲದ ಗಡಿ ಹಾಕಿಕೊಳ್ಳಿ

ಈಗ ಹೊಸಪೇಟೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಊರು, ಪಿನ್‌ಕೋಡ್ 583201. ಮೊತ್ತ 784, ವ್ಯತ್ಯಾಸ 382. 3, 7, 11, 13, 37 ಯಾವುದಕ್ಕೂ ಬಗ್ಗುವುದಿಲ್ಲ. ಹಾಗಿದ್ದರೆ ಎಲ್ಲಿಯ ತನಕ ಭಾಗಿಸಿ ನೋಡಬೇಕು?

ವರ್ಗಮೂಲದ ತನಕ ಸಾಕು. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಇದ್ದರೆ ಗುಣಲಬ್ಧ ಮೂಲ ಸಂಖ್ಯೆಯನ್ನು ಮೀರುತ್ತದೆ. 583201ರ ವರ್ಗಮೂಲ 763 ಚಿಲ್ಲರೆ. ಭಾಗಿಸುವುದೂ ಅವಿಭಾಜ್ಯಗಳಿಂದ ಮಾತ್ರ. 7 ಹೋಗದಿದ್ದರೆ 21, 35, 49 ಹೋಗುವ ಮಾತೇ ಇಲ್ಲ. 763ರ ಒಳಗೆ ಇರುವ ಅವಿಭಾಜ್ಯಗಳು 135. ಎರಟೊಸ್ತನೀಸನ ಜರಡಿ (2, 3, 5 ಹೀಗೆ ಪ್ರತಿ ಅವಿಭಾಜ್ಯದ ಮಗ್ಗಿಯನ್ನು ಹೊಡೆದುಹಾಕಿ, ಉಳಿದದ್ದನ್ನು ಇಟ್ಟುಕೊಳ್ಳುವ ಬಗೆ) ಹಿಡಿದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಆ ಪಟ್ಟಿಯನ್ನು ಮಾಡಿಟ್ಟುಕೊಂಡರೆ ಯಾವ ಪಿನ್‌ಕೋಡಿಗೂ ಬರುತ್ತದೆ, ಏಕೆಂದರೆ ನಮ್ಮ ಮೂರೂ ಜಿಲ್ಲೆಗಳ ಪಿನ್‌ಕೋಡುಗಳ ವರ್ಗಮೂಲ 763, 764ರ ಆಸುಪಾಸಿನಲ್ಲೇ ಇದೆ.

ಶೇಷ ತೆಗೆಯುವಾಗ ಕ್ಯಾಲ್ಕ್ಯುಲೇಟರಿನ ದಶಾಂಶವನ್ನು ನಂಬಿ ಕೂರಬೇಡಿ. ಭಾಗಿಸಿ, ಪೂರ್ಣಾಂಕವನ್ನು ಮಾತ್ರ ಇಟ್ಟುಕೊಂಡು ಮತ್ತೆ ಗುಣಿಸಿ, ಮೂಲ ಸಂಖ್ಯೆಯಿಂದ ಕಳೆಯಿರಿ. 583201ನ್ನು 233ರಿಂದ ಭಾಗಿಸಿದರೆ 2503 ಚಿಲ್ಲರೆ. 2503 × 233 = 583199, ಶೇಷ 2. ಹತ್ತಿರ ಬಂದು ತಪ್ಪಿತು. 541ಕ್ಕೆ ಶೇಷ 3. ಹೀಗೆ ಒಂದೊಂದೇ ದಾಟುತ್ತ ಹೋದರೆ ಪಟ್ಟಿಯಲ್ಲಿ 117ನೆಯದಾದ 643ರ ಬಳಿ ಸಂಖ್ಯೆ ಸಿಕ್ಕಿಬೀಳುತ್ತದೆ: 583201 = 643 × 907. ಅಷ್ಟು ದೂರ ಹೋಗಿ, ಇನ್ನು ಹದಿನೆಂಟು ಉಳಿದಿವೆ ಎನ್ನುವಾಗ.

ಇಷ್ಟು ಊರು ನೋಡಿಯೂ ಒಂದೂ ಅವಿಭಾಜ್ಯ ಸಿಗಲಿಲ್ಲ ಎಂದು ಬೇಸರ ಬೇಡ. ಇದು ನಿರೀಕ್ಷಿತವೇ. ಒಂದು ಸಂಖ್ಯೆಯ ಆಸುಪಾಸಿನಲ್ಲಿ ಸರಾಸರಿ ಎಷ್ಟಕ್ಕೊಂದು ಅವಿಭಾಜ್ಯ ಇರುತ್ತದೆ ಎಂಬುದನ್ನು ಅದರ ಸ್ವಾಭಾವಿಕ ಲಾಗರಿದಮ್ (ಕ್ಯಾಲ್ಕ್ಯುಲೇಟರಿನ ln ಗುಂಡಿ) ಹೇಳುತ್ತದೆ. 583000ಕ್ಕೆ ಅದು 13.3. ಅಂದರೆ ಹದಿಮೂರಕ್ಕೊಂದು. ಸಮಸಂಖ್ಯೆಗಳನ್ನೂ 5ರಲ್ಲಿ ಮುಗಿಯುವುದನ್ನೂ ತೆಗೆದರೆ ಐದಕ್ಕೊಂದು. ನಿಮ್ಮೂರಿನ ಪಿನ್‌ಕೋಡ್ ಆ ಐದರಲ್ಲೊಂದೋ ನೋಡಿ.

ಹಂತ 3: ಭಾಗಿಸದೆ ಒಡೆಯಿರಿ

117 ಭಾಗಾಕಾರ ಮಾಡಿಸಿದ 583201ನ್ನು ಹನ್ನೆರಡು ಕಳೆಯುವ ಲೆಕ್ಕದಲ್ಲಿ ಒಡೆಯಬಹುದು. 17ನೇ ಶತಮಾನದ ಫ್ರೆಂಚ್ ವಕೀಲ ಪಿಯರ್ ದ ಫರ್ಮಾ ಕಂಡುಕೊಂಡ ದಾರಿ ಇದು. ಗಣಿತ ಅವನಿಗೆ ಬಿಡುವಿನ ಕೆಲಸ.

ಎರಡು ವರ್ಗಗಳ ವ್ಯತ್ಯಾಸದ ಸೂತ್ರ ಎಂಟನೇ ತರಗತಿಯಿಂದ ಗೊತ್ತು: ಅ² − ಬ² = (ಅ − ಬ)(ಅ + ಬ). ಹಾಗಿದ್ದರೆ ಒಡೆಯಬೇಕಾದ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದುಬಿಟ್ಟರೆ ಕೆಲಸ ಮುಗಿಯಿತು. ವರ್ಗಮೂಲದ ಮುಂದಿನ ಪೂರ್ಣಾಂಕದಿಂದ ಶುರುಮಾಡಿ, ಅದರ ವರ್ಗದಿಂದ 583201 ಕಳೆದು, ಉಳಿದದ್ದು ಪೂರ್ಣವರ್ಗವೇ ನೋಡಿ.

764² − 583201 = 495
765² − 583201 = 2024
766² − 583201 = 3555
767² − 583201 = 5088

495 ವರ್ಗವಲ್ಲ, 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು. 2024 ನೋಡಿ, 45ರ ವರ್ಗ 2025. ಒಂದರಲ್ಲಿ ತಪ್ಪಿತು! 3555ಕ್ಕೂ 495ರದೇ ದೋಷ. 5088 ಎಂಟರಲ್ಲಿ ಮುಗಿಯುತ್ತದೆ, ಯಾವ ವರ್ಗವೂ 2, 3, 7, 8ರಲ್ಲಿ ಮುಗಿಯುವುದಿಲ್ಲ. ಹೀಗೆ ಕೊನೆಯ ಅಂಕಿ ನೋಡಿಯೇ ಹೆಚ್ಚಿನವನ್ನು ಕಣ್ಣಲ್ಲೇ ತಳ್ಳಿಹಾಕಬಹುದು. ಮುಂದುವರಿದರೆ 6623, 8160, 9699, 11240, 12783, 14328, 15875. ಹನ್ನೆರಡನೆಯದಕ್ಕೆ:

775² − 583201 = 17424 = 132²

775 − 132 = 643. 775 + 132 = 907. ಸಿಕ್ಕಿತು.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದಾಗ ಮಾತ್ರ ಬೇಗ ಸಿಗುತ್ತದೆ. 643, 907 ಹತ್ತಿರದವು, ಅದಕ್ಕೇ ಹನ್ನೆರಡರಲ್ಲಿ ಬಂತು. ರಾಯಚೂರಿನ 7 × 83443ಕ್ಕೆ ಇದನ್ನು ಹಚ್ಚಿದರೆ ಸಾವಿರಾರು ಸಾಲು ಬರೆಯಬೇಕಾಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಹಂತ 1, ಆಮೇಲೆ ಫರ್ಮಾನ ದಾರಿಯಲ್ಲಿ ಒಂದಿಪ್ಪತ್ತು ಸಾಲು, ಅಲ್ಲೂ ಸಿಗದಿದ್ದರೆ ಪಟ್ಟಿ ಹಿಡಿದು ಭಾಗಾಕಾರ.

ಹಂತ 4: ಒಡೆಯದೆ ‘ಇದು ಅವಿಭಾಜ್ಯ ಅಲ್ಲ’ ಎಂದು ಹೇಳಿ

ಇಲ್ಲಿಂದ ವಿಷಯ ಬೇರೆ ಮಗ್ಗುಲಿಗೆ ಹೊರಳುತ್ತದೆ. ಇಪ್ಪತ್ತಂಕಿಯ ಸಂಖ್ಯೆಗೆ ವರ್ಗಮೂಲವೇ ಹತ್ತಂಕಿ. ಪಟ್ಟಿ ಹಿಡಿದು ಭಾಗಿಸುವುದು ಮನುಷ್ಯರ ಕೈಯಲ್ಲಿ ಆಗುವ ಮಾತಲ್ಲ. ಆಗ ಅಪವರ್ತನ ಹುಡುಕುವುದನ್ನು ಬಿಟ್ಟು ಬೇರೆಯದೇ ಪ್ರಶ್ನೆ ಕೇಳಬೇಕು. ಅವಿಭಾಜ್ಯ ಸಂಖ್ಯೆಗಳೆಲ್ಲ ತಪ್ಪದೆ ತೋರುವ ಒಂದು ಗುಣ ಇದೆಯೇ? ಇದೆ, ಅದೂ ಅದೇ ಫರ್ಮಾನದು. ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು (ಆ ಅವಿಭಾಜ್ಯ 2 ಅಲ್ಲದಿದ್ದರೆ). 7ಕ್ಕೆ ನೋಡಿ: 2⁶ = 64, 7ರಿಂದ ಭಾಗಿಸಿದರೆ ಶೇಷ 1. ಶೇಷ 1 ಬರದಿದ್ದರೆ ಸಂಖ್ಯೆ ಅವಿಭಾಜ್ಯ ಅಲ್ಲ, ಅಪವರ್ತನ ಗೊತ್ತಿಲ್ಲದಿದ್ದರೂ ಸರಿ.

ಇದನ್ನು ಮಾಡಿ ನೋಡಲು 91ಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ. ‘ಸರ್, 91 ಪ್ರೈಮ್ ಅಲ್ಲೇನ್ರಿ?’ ಎಂದು ಟ್ಯೂಷನ್ನಿನ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. 2⁹⁰ ಎಂಬುದು 28 ಅಂಕಿಯ ಸಂಖ್ಯೆ. ಅದನ್ನು ಪೂರ್ತಿ ಬರೆಯಬೇಕಿಲ್ಲ, ವರ್ಗ ಮಾಡುತ್ತ ಹೆಜ್ಜೆ ಹೆಜ್ಜೆಗೂ 91ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ.

2² → 4
2⁴ → 16
2⁸ → 256, ಶೇಷ 74
2¹⁶ → 74² = 5476, ಶೇಷ 16
2³² → 256, ಶೇಷ 74
2⁶⁴ → ಶೇಷ 16

90 = 64 + 16 + 8 + 2. ಆದ್ದರಿಂದ 16 × 16 × 74 × 4 ಬೇಕು. 16 × 16ರ ಶೇಷ 74, 74 × 74ರ ಶೇಷ 16, 16 × 4 = 64. ಶೇಷ 64 ಬಂತು, 1 ಅಲ್ಲ. 91 ಅವಿಭಾಜ್ಯ ಅಲ್ಲ, 7 ಮತ್ತು 13ರ ಹೆಸರನ್ನೂ ಎತ್ತದೆ ಇದು ಸಾಬೀತಾಯಿತು.

ಈಗ 2ರ ಬದಲು 3 ಹಿಡಿದು ಅದೇ ಪರೀಕ್ಷೆ ಮಾಡಿ. 3⁶ = 729, ಅದು 91 × 8 + 1. ಶೇಷ 1. 90 ಎಂದರೆ 6 × 15, ಹಾಗಾಗಿ 3⁹⁰ರ ಶೇಷವೂ 1. ಅಂದರೆ 3ನ್ನು ಕೇಳಿದರೆ 91 ಅವಿಭಾಜ್ಯದಂತೆಯೇ ನಡೆದುಕೊಳ್ಳುತ್ತದೆ, 3 ಇಲ್ಲಿ ಸುಳ್ಳುಸಾಕ್ಷಿ. ಶೇಷ 1 ಬರದಿದ್ದರೆ ತೀರ್ಪು ಖಚಿತ, ಬಂದರೆ ಬರೀ ಅನುಮಾನ. 561 (ಅದು 3 × 11 × 17) ಇನ್ನೂ ಕಿಲಾಡಿ. ಅದರೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆಯನ್ನು ಸಾಕ್ಷಿ ಕರೆದರೂ ಶೇಷ 1 ಎಂದೇ ಹೇಳುತ್ತದೆ. ಇಂಥವನ್ನು ಕಾರ್ಮೈಕಲ್ ಸಂಖ್ಯೆ ಎನ್ನುತ್ತಾರೆ, ಅವು ಅನಂತ ಇವೆ ಎಂಬುದು 1994ರಲ್ಲಿ ಸಿದ್ಧವಾಯಿತು. ಈ ಲೋಪವನ್ನು ತುಂಬಿಕೊಡುವ ಬಲವಾದ ಪರೀಕ್ಷೆ ಮಿಲ್ಲರ್-ರಾಬಿನ್, ಕಂಪ್ಯೂಟರುಗಳು ಬಳಸುವುದು ಅದನ್ನೇ. ಅನುಮಾನಕ್ಕೆ ಎಡೆಯೇ ಇಲ್ಲದೆ, ಯಾವುದೇ ಸಂಖ್ಯೆಗೂ, ಅಂಕಿ ಹೆಚ್ಚಾದಂತೆ ಸಮಯ ಕೈಮೀರದ ಹಾಗೆ ತೀರ್ಪು ಕೊಡುವ ಮೊದಲ ವಿಧಾನ ಬಂದದ್ದು ನಮ್ಮ ದೇಶದಿಂದ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ಸಿದ್ಧಾಂತವಾಗಿ ಅದು ದೊಡ್ಡ ಸಾಧನೆ, ದಿನದ ಬಳಕೆಗೆ ಮಾತ್ರ ಮಿಲ್ಲರ್-ರಾಬಿನ್ನೇ ಚುರುಕು.

ಕಂಪ್ಯೂಟರ್ ಬಲ್ಲವರಿಗೊಂದು ಕಿವಿಮಾತು. ಪೈಥಾನ್‌ನಲ್ಲಿ ಘಾತ ತೆಗೆಯುವ ಫಂಕ್ಷನ್‌ಗೆ ಮೂರು ಸಂಖ್ಯೆ ಕೊಡಬಹುದು: ಆಧಾರ, ಘಾತ, ಭಾಜಕ. ಮೂರನ್ನೂ ಒಟ್ಟಿಗೆ ಕೊಟ್ಟರೆ ಮೇಲೆ ನಾವು ಮಾಡಿದಂತೆ ಹೆಜ್ಜೆಹೆಜ್ಜೆಗೂ ಶೇಷ ತೆಗೆದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಮೊದಲು ಘಾತ, ಆಮೇಲೆ ಭಾಗಾಕಾರ ಎಂದು ಬೇರೆಬೇರೆ ಬರೆದರೆ ಮೆಷಿನ್ ಹ್ಯಾಂಗ್ ಆಗಿ ಕೂರುತ್ತದೆ.

ಹಂತ 5: 2147483647ರ ಮುಂದೆ ಆಯ್ಲರ್

214 ಕೋಟಿ 74 ಲಕ್ಷ 83 ಸಾವಿರದ 647. ಬೇರೆ ರೀತಿಯಲ್ಲಿ ಬರೆದರೆ 2³¹ − 1. ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಇಂಥ ಅವಿಭಾಜ್ಯಗಳನ್ನು ಮರ್ಸೆನ್ ಅವಿಭಾಜ್ಯ ಎನ್ನುತ್ತಾರೆ, 1644ರಲ್ಲಿ ಇವುಗಳ ಪಟ್ಟಿ ಕೊಟ್ಟ ಫ್ರೆಂಚ್ ಪಾದ್ರಿ ಮರೇ ಮರ್ಸೆನ್‌ನ ಹೆಸರಲ್ಲಿ. ಘಾತ ಸ್ವತಃ ಅವಿಭಾಜ್ಯ ಆಗಿರಲೇಬೇಕು. ಹಾಗೆಂದು ಘಾತ ಅವಿಭಾಜ್ಯ ಆದರೆ ಸಾಕು ಎಂದಲ್ಲ: 2¹¹ − 1 = 2047 = 23 × 89.

2147483647 ಅವಿಭಾಜ್ಯ ಎಂದು ತೋರಿಸಿದವನು ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಆ ಹೊತ್ತಿಗೆ ಅವನ ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿದ್ದವು. ಈ ಸಂಖ್ಯೆಯ ವರ್ಗಮೂಲ 46340, ಅದರೊಳಗೆ 4792 ಅವಿಭಾಜ್ಯಗಳಿವೆ. ಅವನು ಅಷ್ಟನ್ನೂ ಮುಟ್ಟಲಿಲ್ಲ. ಏಕೆ ಮುಟ್ಟಬೇಕಿಲ್ಲ ಎಂಬುದೇ ಈ ಸಂಖ್ಯೆಯ ಅತ್ಯಂತ ರುಚಿಯಾದ ಗುಣ, ಇಲ್ಲಿ ಸ್ವಲ್ಪ ನಿಧಾನಿಸೋಣ.

ಯಾವುದೋ ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಅದರ ದೃಷ್ಟಿಯಲ್ಲಿ 2³¹ರ ಶೇಷ 1. 31 ಅವಿಭಾಜ್ಯ ಆದ್ದರಿಂದ 31ಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವುದಿಲ್ಲ. ಹಂತ 4ರ ಪ್ರಕಾರ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತದಲ್ಲೂ ಶೇಷ 1 ಬರಬೇಕು. ಎರಡೂ ಕೂಡಿ ಬರಬೇಕಾದರೆ ‘ಒಂದು ಕಡಿಮೆ’ ಎಂಬುದು 31ರ ಮಗ್ಗಿಯಲ್ಲಿ ಇರಬೇಕು. ಅದು ಸಮಸಂಖ್ಯೆಯೂ ಹೌದು, ಆದ್ದರಿಂದ 62ರ ಮಗ್ಗಿಯಲ್ಲಿ ಇರಬೇಕು. ಅಂದರೆ ಭಾಜಕ ಯಾವುದೇ ಇರಲಿ, 62ರ ಮಗ್ಗಿಗೆ ಒಂದು ಕೂಡಿಸಿದ ರೂಪದಲ್ಲೇ ಇರಬೇಕು. ಇನ್ನೊಂದು ನಿಯಮದಂತೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬಹುದು. 2047ರಲ್ಲಿ ಸರಿನೋಡಿ: 23 = 22 + 1, 89 = 88 + 1. 8ರಿಂದ ಭಾಗಿಸಿದರೆ ಶೇಷ 7 ಮತ್ತು 1. ತಾಳೆಯಾಯಿತು.

ಎರಡೂ ಷರತ್ತು ಸೇರಿಸಿದರೆ 248ರ ಮಗ್ಗಿಗೆ 1 ಅಥವಾ 63 ಕೂಡಿಸಿದ ಸಂಖ್ಯೆಗಳಷ್ಟೇ ಉಳಿಯುತ್ತವೆ. 46340ರ ಒಳಗೆ ಅಂಥವು, 63ನ್ನು ಬಿಟ್ಟರೆ, 372. ಶುರುವಿನವು 249, 311, 497, 559, 745, 807, 993, 1055, 1241, 1303. ಇವುಗಳಲ್ಲಿ ಅವಿಭಾಜ್ಯ ಯಾವುವು? 249 ಮೂರರಿಂದ ಹೋಗುತ್ತದೆ, 497 ಏಳರಿಂದ, 559 ಹದಿಮೂರರಿಂದ, 1241 ಹದಿನೇಳರಿಂದ. ಕೊನೆಗೆ ಉಳಿಯುವುದು 311 ಮತ್ತು 1303. 1303ರ ತನಕ ಒಟ್ಟು 213 ಅವಿಭಾಜ್ಯಗಳಿದ್ದರೂ ಭಾಗಿಸಿ ನೋಡಬೇಕಾದದ್ದು ಎರಡರಿಂದ ಮಾತ್ರ. ಮಾಡಿ ನೋಡಿ: 6905092 × 311 = 2147483612, ಶೇಷ 35. 1303ಕ್ಕೆ ಶೇಷ 226. ಹೀಗೆ ಕೊನೆಯ ತನಕ ಹೋದರೂ ಯಾವುದೂ ಸರಿಯಾಗಿ ಭಾಗಿಸುವುದಿಲ್ಲ. ಬಿಡುವಿರುವ ಭಾನುವಾರ ಕ್ಯಾಲ್ಕ್ಯುಲೇಟರ್ ಹಿಡಿದು ಕೂತರೆ ಆಯ್ಲರನ ಕೆಲಸವನ್ನು ನೀವೂ ಪೂರ್ತಿ ಮಾಡಬಹುದು.

ಈ ಸಂಖ್ಯೆಗೆ ದಿನದ ಬದುಕಿನಲ್ಲೂ ಕೆಲಸ ಇದೆ. ಬೈನರಿಯಲ್ಲಿ (0, 1 ಎರಡೇ ಅಂಕಿ ಬಳಸಿ) ಬರೆದರೆ ಇದು ಸಾಲಾಗಿ 31 ಒಂದುಗಳು, ಹಾಗಾಗಿ 32 ಬಿಟ್‌ನ ಜಾಗದಲ್ಲಿ, ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋದರೆ, ಹಿಡಿಸುವ ಅತಿ ದೊಡ್ಡ ಪೂರ್ಣಾಂಕ. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಹಳೆಯ ಸಾಧನಗಳ ಎಣಿಕೆ ಇಲ್ಲಿಗೆ ಮುಟ್ಟುವುದು ನಮ್ಮ ಸಮಯದಲ್ಲಿ 2038ರ ಜನವರಿ 19, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದರ ಮುಂದಿನ ಸೆಕೆಂಡಿಗೆ, ಅಷ್ಟರೊಳಗೆ ಸರಿಪಡಿಸದ ಯಂತ್ರಗಳು 1901ಕ್ಕೆ ಜಾರುತ್ತವೆ.

ಹಂತ 6: ಲೂಕಾಸ್-ಲೆಹ್ಮರ್

ಮರ್ಸೆನ್ ಸಂಖ್ಯೆಗಳಿಗೆಂದೇ ಇರುವ ಪರೀಕ್ಷೆ. 1870ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಎಡ್ವರ್ಡ್ ಲೂಕಾಸ್ ಕಟ್ಟಿದ, 1930ರಲ್ಲಿ ಅಮೆರಿಕದ ಗಣಿತಜ್ಞ ಲೆಹ್ಮರ್ ಚೊಕ್ಕ ಮಾಡಿದ. ಇಲ್ಲಿ ಅನುಮಾನವೇ ಉಳಿಯುವುದಿಲ್ಲ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆದು, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿ. ಕೊನೆಗೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2⁷ − 1 = 127ಕ್ಕೆ ಐದು ಸಲ:

4² − 2 = 14
14² − 2 = 194, ಶೇಷ 67
67² − 2 = 4487, ಶೇಷ 42
42² − 2 = 1762, ಶೇಷ 111
111² − 2 = 12319, ಶೇಷ 0

127ರಿಂದ ಭಾಗಿಸಲು ಒಂದು ಕೈಚಳಕ ಇದೆ. 128ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡಿಸಿದರೆ ಸಾಕು. 4487 = 35 × 128 + 7, ಹಾಗಾಗಿ 35 + 7 = 42. 12319 = 96 × 128 + 31, 96 + 31 = 127, ಅಂದರೆ 0. ಬೈನರಿಯಲ್ಲಿ 128ರಿಂದ ಭಾಗಿಸುವುದು ಎಂದರೆ ಅಂಕಿಗಳನ್ನು ಏಳು ಸ್ಥಾನಕ್ಕೆ ಕತ್ತರಿಸುವುದಷ್ಟೇ. ಕಂಪ್ಯೂಟರಿಗೆ ಮರ್ಸೆನ್ ಸಂಖ್ಯೆ ಇಷ್ಟು ಹಗುರ ಆಗುವುದು ಈ ಕಾರಣಕ್ಕೆ, ದಾಖಲೆ ಮುರಿಯುವ ಅವಿಭಾಜ್ಯಗಳು ಹೆಚ್ಚಾಗಿ ಇದೇ ಕುಲದಿಂದ ಬರುವುದೂ ಇದಕ್ಕೇ. 2047ಕ್ಕೆ ಒಂಬತ್ತು ಸಲ ಮಾಡಿ ನೋಡಿ, ಕೊನೆಗೆ 1736 ಬರಬೇಕು.

ಲೂಕಾಸ್ ತನ್ನ ವಿಧಾನದಿಂದ 1876ರಲ್ಲಿ 39 ಅಂಕಿಯ 2¹²⁷ − 1 ಅವಿಭಾಜ್ಯ ಎಂದು ತೋರಿಸಿದ. 1951ರ ತನಕ ಅದಕ್ಕಿಂತ ದೊಡ್ಡದು ಯಾರಿಗೂ ಸಿಗಲಿಲ್ಲ. ಮರ್ಸೆನ್‌ನ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯ ಅಲ್ಲ ಎಂಬುದನ್ನೂ ಅವನೇ ತೋರಿಸಿದ, ಆದರೆ ಅದರ ಅಪವರ್ತನ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. 193707721 × 761838257287 ಎಂದು ಒಡೆದು ತೋರಿಸಲು 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಬರಬೇಕಾಯಿತು.

ಹಂತ 7: ನೋಡಲಾಗದ ಸಂಖ್ಯೆಯ ಗುಣಗಳನ್ನು ಬರೆದಿಡಿ

ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ 2¹³⁶²⁷⁹⁸⁴¹ − 1. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯೂರಾಂಟ್ ಎಂಬವರು, 1996ರಿಂದ ನಡೆಯುತ್ತಿರುವ ಗಿಂಪ್ಸ್ ಎಂಬ ಸಾರ್ವಜನಿಕ ಹುಡುಕಾಟದ ಭಾಗವಾಗಿ ಕಂಡುಕೊಂಡದ್ದು. ಪೂರ್ತಿ ಬರೆಯಲು ಸಾಧ್ಯವಿಲ್ಲ, ಆದರೆ ಅದರ ಬಗ್ಗೆ ಪೆನ್ನಿನಲ್ಲೇ ಎಷ್ಟೋ ಹೇಳಬಹುದು.

ಅಂಕಿಗಳು ಎಷ್ಟು? ಘಾತವನ್ನು, 10ನ್ನು ಆಧಾರವಾಗಿಟ್ಟ 2ರ ಲಾಗರಿದಮ್‌ನಿಂದ ಗುಣಿಸಿ, ಪೂರ್ಣಾಂಕಕ್ಕೆ ಒಂದು ಕೂಡಿಸಬೇಕು. 31 × 0.30103 = 9.33, ಹಾಗಾಗಿ ಆಯ್ಲರನ ಸಂಖ್ಯೆಗೆ 10 ಅಂಕಿ. ಇಲ್ಲೊಂದು ಎಡವಟ್ಟು ಕಾದಿದೆ. ಅದೇ 0.30103ನ್ನು 136279841ಕ್ಕೆ ಹಚ್ಚಿದರೆ 41024320.5 ಬಂದು, ಉತ್ತರ 4,10,24,321 ಎಂದಾಗುತ್ತದೆ. ತಪ್ಪು. ಐದು ದಶಾಂಶದ ಲಾಗ್ ಈ ಅಳತೆಗೆ ಸಾಲದು. 0.3010299957 ಹಿಡಿದರೆ 41024319.9 ಬರುತ್ತದೆ, ಒಂದು ಕೂಡಿಸಿದರೆ 4 ಕೋಟಿ 10 ಲಕ್ಷ 24 ಸಾವಿರದ 320 ಅಂಕಿ. ಇದು ಸರಿ.

ಕೊನೆಯ ಅಂಕಿ? 2ರ ಘಾತಗಳ ಬಿಡಿಸ್ಥಾನ 2, 4, 8, 6 ಎಂದು ನಾಲ್ಕಕ್ಕೊಮ್ಮೆ ತಿರುಗುತ್ತದೆ. ಘಾತದ ಕೊನೆಯ ಎರಡಂಕಿ 41, ನಾಲ್ಕರಿಂದ ಭಾಗಿಸಿದರೆ ಶೇಷ 1, ಬಿಡಿಸ್ಥಾನ 2, ಒಂದು ಕಳೆದರೆ 1. ಕೊನೆಯ ಎರಡಂಕಿ ಬೇಕಿದ್ದರೆ ಇಪ್ಪತ್ತಕ್ಕೊಮ್ಮೆ ತಿರುಗುವ ಚಕ್ರ ನೋಡಿ. 41ನ್ನು 20ರಿಂದ ಭಾಗಿಸಿದರೆ ಶೇಷ 1, ಅಂದರೆ 2²¹ = 2097152ರ ಕೊನೆಯ 52, ಒಂದು ಕಳೆದರೆ 51. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಬಾಲ ಕೈಗೆ ಸಿಕ್ಕಿತು.

ಮೂರನೆಯದು, ಪ್ರತಿ ಮರ್ಸೆನ್ ಅವಿಭಾಜ್ಯದ ಜೊತೆಗೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳನ್ನು ಕೂಡಿಸಿದರೆ ತಾನೇ ಬರುವ ಸಂಖ್ಯೆ ಅದು: 6 = 1 + 2 + 3, 28 = 1 + 2 + 4 + 7 + 14. ಮಾಡುವ ಬಗೆ ಯೂಕ್ಲಿಡ್ ಕಾಲದ್ದು. ಮರ್ಸೆನ್ ಅವಿಭಾಜ್ಯವನ್ನು ಘಾತದಲ್ಲಿ ಒಂದು ಕಡಿಮೆ ಇರುವ 2ರ ಘಾತದಿಂದ ಗುಣಿಸಿ. 7 × 4 = 28, 31 × 16 = 496, 127 × 64 = 8128. 2147483647ರಿಂದ ಬರುವುದು 2305843008139952128.

ಕೊನೆಗೆ ಎರಡು ವ್ಯಾವಹಾರಿಕ ಮಾತು

ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಹಿನ್ನೆಲೆಯಲ್ಲಿ ಹಲವು ಕಡೆ ಕೆಲಸ ಮಾಡುವ ಆರ್‌ಎಸ್‌ಎ ಬೀಗದಲ್ಲಿ (ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ, ಗುಣಲಬ್ಧವನ್ನು ಒಡೆದವರಿಗೆ ಬೀಗ ತೆರೆಯುತ್ತದೆ) ತಲಾ ಸುಮಾರು 309 ಅಂಕಿಯ ಎರಡು ಅವಿಭಾಜ್ಯಗಳ ಗುಣಲಬ್ಧ ಇರುತ್ತದೆ. ದಾಖಲೆಯ ಮರ್ಸೆನ್ ಇದಕ್ಕೆ ಬಾರದು, ಎಲ್ಲರಿಗೂ ಗೊತ್ತಿರುವ ಕೀಲಿ ಯಾರಿಗೆ ಬೇಕು? ಅಷ್ಟುದ್ದದ ಬೆಸಸಂಖ್ಯೆಗಳಲ್ಲಿ ಸುಮಾರು 350ಕ್ಕೊಂದು ಅವಿಭಾಜ್ಯ. ಹಾಗಾಗಿ ಕಂಪ್ಯೂಟರ್ ಮನಬಂದಂತೆ ಒಂದನ್ನು ಆರಿಸಿ ಹಂತ 4ರ ಬಲವಾದ ಪರೀಕ್ಷೆ ಹಚ್ಚುತ್ತ ಹೋದರೆ ಬೇಗ ಸಿಗುತ್ತದೆ. ಎರಡು ಅವಿಭಾಜ್ಯಗಳೂ ಒಂದಕ್ಕೊಂದು ತೀರ ಹತ್ತಿರ ಇರಬಾರದು ಎಂಬ ನಿಯಮವೂ ಇದೆ. ಏಕೆಂಬುದು ಹೊಸಪೇಟೆಯ ಪಿನ್‌ಕೋಡ್ ಒಡೆದವರಿಗೆ ಗೊತ್ತು.

ಎರಡನೆಯದು ಗಿಂಪ್ಸ್ ಸೇರಬಯಸುವವರಿಗೆ. ಪ್ರೈಮ್95 ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಒಂದು ಘಾತ ನಿಮ್ಮ ಪಾಲಿಗೆ ಬರುತ್ತದೆ. ಸಂಖ್ಯೆ ಅವಿಭಾಜ್ಯವೋ ಎಂದು ನೋಡಲು ಅದು ಹಚ್ಚುವುದು ಫರ್ಮಾ ಪರೀಕ್ಷೆಯನ್ನೇ, 3ನ್ನು ಸಾಕ್ಷಿ ಕರೆದು. 91ರ ವಿಷಯದಲ್ಲಿ ಸುಳ್ಳು ಹೇಳಿದ ಅದೇ 3. 2 ಇಲ್ಲಿ ಉಪಯೋಗಕ್ಕೇ ಬಾರದು, ಘಾತ ಅವಿಭಾಜ್ಯ ಆದರೆ ಸಾಕು, ಯಾವ ಮರ್ಸೆನ್ ಸಂಖ್ಯೆಗೂ ಅದು ಶೇಷ 1 ಎಂದೇ ಹೇಳುತ್ತದೆ. 2047ಕ್ಕೂ ಹೇಳುತ್ತದೆ. 3 ಪಾಸು ಮಾಡಿದ್ದನ್ನು ಆಮೇಲೆ ಲೂಕಾಸ್-ಲೆಹ್ಮರ್ ಹಾಕಿ ಗಟ್ಟಿ ಮಾಡಿಕೊಳ್ಳುತ್ತಾರೆ. ಹತ್ತು ಕೋಟಿ ಅಂಕಿಯ ಅವಿಭಾಜ್ಯಕ್ಕೆ ಅಮೆರಿಕದ ಒಂದು ಸಂಸ್ಥೆ 1,50,000 ಡಾಲರ್ ಬಹುಮಾನ ಇಟ್ಟಿದೆ, ಅದಕ್ಕೆ ಘಾತ 33 ಕೋಟಿ 21 ಲಕ್ಷ ದಾಟಿರಬೇಕು. ಆ ಆಸೆಗೆ ಬಿದ್ದು ಹಳೆಯ ಲ್ಯಾಪ್‌ಟಾಪ್ ಹಚ್ಚಬೇಡಿ, ಅಷ್ಟು ದೊಡ್ಡ ಒಂದೇ ಒಂದು ಘಾತ ಮುಗಿಸಲು ಅದಕ್ಕೆ ತಿಂಗಳುಗಟ್ಟಲೆ ಬೇಕು. ಚಿಕ್ಕ ಘಾತಗಳ ಮರುಪರಿಶೀಲನೆ ಕೇಳಿ ಪಡೆಯಿರಿ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಪ್ರೊಸೆಸರನ್ನು ಹಗಲಿರುಳು ದುಡಿಸಿದರೆ ಫ್ಯಾನು ಕಿರುಚತೊಡಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ನವೆಂಬರಿನಲ್ಲಿ ಶುರುಮಾಡಿ, ಶಿವರಾತ್ರಿಗೆ ನಿಲ್ಲಿಸಿ.